ಬಹ್ಯಪಂಡಿತನ ಕೃತಜ್ಞತಾವಿಚಾರ

ಯೆಹೂದ್ಯರ ನೀತಿಶಾಸ್ತ್ರದಲ್ಲಿ ಸಂತುಷ್ಟಿಯೂ ಕೃತಜ್ಞತೆಯೂ ಒಂದನ್ನೊಂದು ಬಿಟ್ಟಿರುವುವಲ್ಲ. ಕ್ರಿ. ಶ. 200ರ ಸುಮಾರಿನಲ್ಲಿ ಸಂಕಲಿತವಾದ ಮಿಷ್ನಾ ಗ್ರಂಥದ ‘ಆವೋತ್’ ಎಂಬ ಭಾಗದಲ್ಲಿ ಬೆನ್ ಜೋಮಾ ಎಂಬ ಆಚಾರ್ಯನು, ತನ್ನ ಪಾಲಿಗೆ ಬಂದುದರಲ್ಲಿ ಹರ್ಷಿಸುವವನಿಗೇ ಧನಿಕನೆಂಬ ಹೆಸರನ್ನು ಕೊಟ್ಟಿರುವನು. ಆದರೆ ಆ ಹರ್ಷವು ಉದಿಸುವ ಬಗೆ ಯಾವುದು? ಇದನ್ನು ಸವಿಸ್ತರವಾಗಿ ವಿಚಾರಿಸಿದವನು 11ನೆಯ ಶತಮಾನದಲ್ಲಿ ಸ್ಪೇನ್ ದೇಶದಲ್ಲಿದ್ದ ಬಹ್ಯ ಇಬ್ನ್ ಪಕೂದ. ಅರಬ್ಬೀ ಭಾಷೆಯಲ್ಲಿ ರಚಿತವಾಗಿ, 12ನೆಯ ಶತಮಾನದಲ್ಲಿ ಯೆಹೂದಾ ಇಬ್ನ್ ತಿಬ್ಬೋನನಿಂದ ಹೀಬ್ರೂವಿಗೆ ಪರಿವರ್ತಿತವಾದ ಈತನ ಗ್ರಂಥಕ್ಕೆ ‘ಹೃದಯಧರ್ಮಗಳು’ ಎಂಬರ್ಥದ ಹೆಸರುಂಟು. ಅದರ 10 ದ್ವಾರಗಳಲ್ಲಿ ಎರಡನೆಯದು ಪ್ರಕೃತಕ್ಕೆ ಮುಖ್ಯವಾದುದು.

ಮನುಷ್ಯರು ದೈವದ ಉಪಕಾರವನ್ನು ಕಾಣದಿರುವುದಕ್ಕೆ ಬಹ್ಯನು ಮೂರು ಕಾರಣಗಳನ್ನು ಹೇಳುವನು: ಎಂದಿಗೂ ತಣಿಯದ ಭೋಗಾಸಕ್ತಿ, ಹುಟ್ಟಿದಂದಿನಿಂದ ಬಂದ ಅಭ್ಯಾಸ, ಮತ್ತು ಆಪತ್ತುಗಳಿಂದಾದ ವಿಸ್ಮೃತಿ. ಇವುಗಳಲ್ಲಿ ಎರಡನೆಯದರ ನಿರೂಪಣವು ಅತ್ಯಂತ ಮನೋಹರವಾಗಿರುವುದು. ದಯಾಳುವೊಬ್ಬನು ಕಾಡಿನಲ್ಲಿ ಸಿಕ್ಕಿದ ಶಿಶುವನ್ನು ಮನೆಗೆ ತಂದು ಸಾಕಿದನು. ಮತ್ತೊಮ್ಮೆ ಶತ್ರುಗಳ ಕೈಯಲ್ಲಿ ನರಳುತ್ತಿದ್ದ ಬಂದಿಯನ್ನು ಬಿಡಿಸಿ ಸಲಹಿದನು. ಶಿಶುವಿಗೆ ದೊರೆತ ಉಪಕಾರವೇ ಹೆಚ್ಚಿನದು. ಆದರೂ ಕೃತಜ್ಞತೆಯು ಹೆಚ್ಚಿದುದು ಬಂದಿಯಲ್ಲಿ. ಆತನು ಕಷ್ಟವನ್ನೂ ಸುಖವನ್ನೂ ಹೋಲಿಸಿ ಬಲ್ಲನು. ಶಿಶುವು ಸುಖವನ್ನು ಮಾತ್ರ ಬಲ್ಲುದು.

ಇದರಿಂದ ಸಿದ್ಧವಾಗುವುದೇನೆಂದರೆ, ಕೃತಜ್ಞತೆಯು ವಿಚಾರಜನ್ಯವೇ ಹೊರತು ಸ್ವಭಾವಜನ್ಯವಲ್ಲ. ಪತಂಜಲಿಯು ನಿಯಮಗಳಲ್ಲಿ ಗಣಿಸಿದ ಸಂತೋಷಕ್ಕೆ ದಾತೃವಿನ ಸ್ಮರಣೆಯು ಅಂಗವಲ್ಲ. ಬಹ್ಯನ ಮತದಲ್ಲಾದರೋ ಕೊಟ್ಟವನನ್ನು ಮರೆತ ತೃಪ್ತಿಯು ಆ ಶಿಶುವಿನ ಅಜ್ಞಾನಕ್ಕೆ ಸಮಾನವೇ ಆಗುವುದು. ದಿನಕ್ಕೆ 100 ಧನ್ಯವಾದವಚನಗಳನ್ನು ಹೇಳಬೇಕೆಂಬ ತಾಲ್ಮೂದಿನ ವಿಧಿಯೂ ಈ ಅಭ್ಯಾಸಜಾಡ್ಯಕ್ಕೇ ಔಷಧವೆಂದು ತೋರುವುದು. ಆದರೆ ಮನಸ್ಸಿಲ್ಲದ ಪಠನವು ತಾನೇ ಮತ್ತೊಂದು ಜಾಡ್ಯವಾಗಬಲ್ಲುದು. ಹೃದಯದ ಧರ್ಮಗಳನ್ನು ಪ್ರತ್ಯೇಕವಾಗಿ ಬರೆಯಬೇಕಾಗಿ ಬಂದುದು ಅದಕ್ಕಾಗಿಯೇ.

ಮೂರನೆಯ ಕಾರಣದ ವಿಷಯದಲ್ಲಿ ಮಾತ್ರ ನಾವು ಗ್ರಂಥಕಾರನನ್ನು ಪೂರ್ಣವಾಗಿ ಅನುಸರಿಸಲಾರೆವು. ತಮಗಾಗಿ ಸಜ್ಜುಗೊಳಿಸಿದ ಮನೆಯಲ್ಲಿ ಕುರುಡರು ವೈದ್ಯನ ಮಾತನ್ನು ಕೇಳದೆ, ಪಾತ್ರೆಪದಾರ್ಥಗಳನ್ನು ಎಡವಿ ಬಿದ್ದು, ಯಜಮಾನನನ್ನೇ ದೂರಿದರೆಂಬುದು ಆತನ ದೃಷ್ಟಾಂತ. ಎಲ್ಲ ದುಃಖವೂ ಹೀಗೆ ದುಃಖಿಯ ಅವಿವೇಕದಿಂದಲೇ ಬಂದುದೆಂದರೆ, ಯೋಬನ ಗತಿಯೇನು? ಆ ಗ್ರಂಥದ ಕೊನೆಯಲ್ಲಿ ದೈವವು ಆಕ್ಷೇಪಿಸುವುದು, ಯೋಬನ ತಪ್ಪನ್ನು ಹುಡುಕಿದ ಮಿತ್ರರನ್ನೇ.

ಸಂತುಷ್ಟಿಯ ಉಪದೇಶವು ದರಿದ್ರನ ಬಾಯಿಕಟ್ಟುವ ಉಪಾಯವೆಂದು ಕೆಲವರು ಆಕ್ಷೇಪಿಸಬಹುದು. ಯೆಹೂದ್ಯಶಾಸ್ತ್ರದಲ್ಲಿ ಇದಕ್ಕೆ ಸಮಾಧಾನವುಂಟು. ಹೊಲದ ಅಂಚಿನ ಬೆಳೆಯನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಲೇವ್ಯಕಾಂಡದ ವಿಧಿ. ಆದುದರಿಂದ ಆ ಅಂಚು ಒಡೆಯನ ಪಾಲೇ ಅಲ್ಲ. ಭಿಕ್ಷೆಯಿಂದ ಜೀವಿಸುವವನೂ ದಾನಮಾಡತಕ್ಕದ್ದೆಂದು ತಾಲ್ಮೂದು ವಿಧಿಸುವುದು. ತನ್ನ ಪಾಲಿನಲ್ಲಿ ಹರ್ಷಿಸುವವನು ಮೊದಲು ತನ್ನ ಪಾಲು ಎಲ್ಲಿಗೆ ಮುಗಿಯುವುದೆಂಬುದನ್ನು ತಿಳಿದಿರಬೇಕು. ಇದನ್ನು ತಿಳಿಯದವನ ತೃಪ್ತಿಗೆ ಸಂತುಷ್ಟಿಯೆಂಬ ಹೆಸರು ಸಲ್ಲದು.