ಸಿಲ್ವರ್‌ಡೋಮ್‌ನ ಕುಸುರಿ ಕುಸ್ತಿ

1987ರ ಮಾರ್ಚ್ 29ರಂದು ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ನಡೆದ ಮೂರನೇ ರೆಸಲ್‌ಮೇನಿಯಾ ಕುಸ್ತಿ ಪ್ರದರ್ಶನ ಎಂದೊಡನೆ, ಹಲ್ಕ್ ಹೋಗನ್ ದೈತ್ಯ ಆಂಡ್ರೆಯನ್ನು ಎತ್ತಿ ಕೆಡವಿದ್ದು ಕಣ್ಣಿಗೆ ಕಟ್ಟುತ್ತದೆ. ಬೆನ್ನುನೋವಿನಲ್ಲೇ ರಿಂಗ್ ಹತ್ತಿ, ಎದುರಾಳಿಯ ಗೆಲುವಿಗೆ ಮೈಯೊಡ್ಡಿದ ಆಂಡ್ರೆಯ ದೊಡ್ಡತನಕ್ಕೆ ಕೈಮುಗಿಯಬೇಕು.

ಆದರೆ ನನ್ನ ಮಟ್ಟಿಗೆ ಆ ದಿನದ ಮುಕುಟ ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ನಡುವಿನ ಇಂಟರ್‌ಕಾಂಟಿನೆಂಟಲ್ ಪಟ್ಟದ ಪಂದ್ಯ. ಅಚ್ಚುಕಟ್ಟಿಗೆ ಹೆಸರಾದ ಸ್ಯಾವೇಜ್ ಪ್ರತಿ ಪಟ್ಟನ್ನೂ ಬರೆದಿಟ್ಟು, ಜೊತೆಗಾರನೊಂದಿಗೆ ಮತ್ತೆಮತ್ತೆ ಒಪ್ಪಿಸಿ ಗಟ್ಟಿಮಾಡಿಕೊಂಡಿದ್ದ. ಸುಮಾರು ಹದಿನೈದು ನಿಮಿಷಗಳಲ್ಲಿ ಒಂದು ಹೆಜ್ಜೆಯೂ ವ್ಯರ್ಥವಿಲ್ಲ. ರೆಫರಿ ಎರಡೆಣಿಸುವಷ್ಟರಲ್ಲಿ ಭುಜ ಮೇಲೇಳುತ್ತದೆ. ಪ್ರತಿ ಬಾರಿಯೂ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಹಿಂದೆ ಸ್ಟೀಮ್‌ಬೋಟ್‌ನ ಗಂಟಲಿಗೆ ಪೆಟ್ಟು ಕೊಟ್ಟ ರಿಂಗ್ ಬದಿಯ ಗಂಟೆಯನ್ನೇ ಸ್ಯಾವೇಜ್ ಮತ್ತೆ ಕೈಗೆತ್ತಿಕೊಂಡಾಗ ಸ್ಟೀಮ್‌ಬೋಟ್‌ನ ಪರ ನಿಂತಿದ್ದ ಕುಸ್ತಿಪಟು ಜಾರ್ಜ್ ಸ್ಟೀಲ್ ಅವನನ್ನು ಕೆಡವುತ್ತಾನೆ. ಮರುಕ್ಷಣ ಸ್ಟೀಮ್‌ಬೋಟ್ ಸ್ಯಾವೇಜ್‌ನನ್ನು ಉಂಡೆಯಂತೆ ಸುತ್ತಿ ಪಟ್ಟ ಗೆಲ್ಲುತ್ತಾನೆ.

ಫಲಿತಾಂಶ ಮೊದಲೇ ನಿಗದಿಯಾದ ಆಟವೆಂದು ಈ ಕುಸ್ತಿಯನ್ನು ಹಗುರವಾಗಿ ಕಾಣುವುದು ತಪ್ಪು. ಯಕ್ಷಗಾನದ ಪ್ರಸಂಗದ ಕೊನೆ ಗೊತ್ತಿದ್ದೂ ನಾವು ಬೆಳಗಿನವರೆಗೆ ಕೂರುವುದಿಲ್ಲವೇ? ಎದುರಾಳಿಯ ಮೈಯನ್ನು ಕಾಪಾಡುತ್ತಲೇ ಹಗೆಯನ್ನು ನಂಬಿಸುವುದು ಅಪ್ಪಟ ಕಲೆ. ಸ್ಯಾವೇಜ್, ಸ್ಟೀಮ್‌ಬೋಟ್ ಇಬ್ಬರೂ ಅದರ ಮೇರು ಕಲಾವಿದರು.