ರಮಾಬಾಯಿಯ ಕಾಗದಗಳು, ಕೇಡಗಾಂವದ ಮಕ್ಕಳು

ಪಂಡಿತಾ ರಮಾಬಾಯಿಯವರು ನಮ್ಮವರೆಂದು ಹೇಳಿಕೊಳ್ಳುವುದರಲ್ಲಿ ಕನ್ನಡಿಗರಾದ ನಮಗೆ ಒಂದು ಬಗೆಯ ಸಡಗರವಿದೆ. 1858ರಲ್ಲಿ ಅವರು ಹುಟ್ಟಿದ್ದು ತುಂಗೆ ಭದ್ರೆಯರ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆಯವರು ಆ ಕಾಡಿನಲ್ಲಿ ಮನೆ ಮಾಡಿದ್ದರು. ರಾಜ್ಯೋತ್ಸವದ ಭಾಷಣಗಳಲ್ಲಿ ಇಷ್ಟು ತಪ್ಪದೆ ಬರುತ್ತದೆ. ಮುಂದೆ ಇಂಗ್ಲೆಂಡು, ಕ್ರೈಸ್ತಮತ ಎಂಬಲ್ಲಿಗೆ ಬಂದಾಗ ಭಾಷಣಕಾರರ ದನಿ ಸ್ವಲ್ಪ ತಗ್ಗಿ, ಬೇಗ ಬೇಗನೆ 1989ರ ಅಂಚೆಚೀಟಿಗೆ ಹಾರುತ್ತದೆ. ಇನ್ನು ಮಿಷನ್ನಿನವರು ಬರೆದ ಜೀವನಚರಿತ್ರೆಗಳಲ್ಲಿ ಅವರು ಮೊದಲ ಪುಟದಿಂದಲೇ ಸಂತರು. ಅವರು ಯಾರೊಡನೆಯಾದರೂ ಜಗಳವಾಡಿದ್ದರೆಂದು ಊಹಿಸುವುದೂ ಕಷ್ಟ.

ಈ ಎರಡನ್ನೂ ಬದಿಗಿಟ್ಟು ಅವರ ಸ್ವಂತ ಬರಹಗಳನ್ನೇ ಓದಿದರೆ ಬೇರೊಬ್ಬ ಹೆಂಗಸು ಎದುರಾಗುತ್ತಾಳೆ. ನಾನಿಲ್ಲಿ ಹೇಳಹೊರಟಿರುವುದು ಎರಡು ಪುಸ್ತಕಗಳ ಬಗ್ಗೆ. ಒಂದು, 1907ರಲ್ಲಿ ಅವರೇ ಬರೆದ 'ಎ ಟೆಸ್ಟಿಮನಿ ಆಫ್ ಅವರ್ ಇನೆಕ್ಸಾಸ್ಟಿಬಲ್ ಟ್ರೆಷರ್' ಎಂಬ ಸಣ್ಣ ಆತ್ಮಕಥನ. ಇನ್ನೊಂದು, ಸಿಸ್ಟರ್ ಜೆರಾಲ್ಡಿನ್ ಎಂಬ ಇಂಗ್ಲಿಷ್ ಸನ್ಯಾಸಿನಿ ಕೂಡಿಟ್ಟು, ಎ. ಬಿ. ಶಹಾ ಅವರು ಸಂಪಾದಿಸಿ, 1977ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಕಾಗದಗಳ ಸಂಪುಟ. ಎರಡನ್ನೂ ಒಟ್ಟಿಗೆ ಓದಬೇಕು. ಒಂದನ್ನೇ ಓದಿದರೆ ಮೋಸಹೋಗುತ್ತೇವೆ.

ಸ್ವಾರಸ್ಯವಿರುವುದು ಕಾಗದಗಳಲ್ಲಿ. 1883ರಲ್ಲಿ ರಮಾಬಾಯಿ ವಿಧವೆ. ಜೊತೆಗೆ ಎರಡು ವರ್ಷದ ಮಗಳು ಮನೋರಮಾ. ಇಂಗ್ಲೆಂಡಿನ ವಾಂಟೇಜಿನ ಕನ್ಯಾಮಠ ಇವರಿಗೆ ಅನ್ನ, ಆಸರೆ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಇನ್ನು ಶಿಷ್ಯೆ ಹೇಳಿದಂತೆ ಕೇಳುತ್ತಾಳೆಂದು ಮಠದವರು ಎಣಿಸಿದ್ದರೆ ಅದು ಅವರ ದುರದೃಷ್ಟ. ತ್ರಿತ್ವದ ತತ್ತ್ವ ನನ್ನ ಬುದ್ಧಿಗೆ ಒಪ್ಪುವುದಿಲ್ಲವೆಂದು ಈಕೆ ಬರೆಯುತ್ತಾರೆ. ಒಂದು ಪೌರೋಹಿತ್ಯದ ನೊಗವನ್ನು ಈಗತಾನೆ ಇಳಿಸಿ ಬಂದವಳು ಇನ್ನೊಂದಕ್ಕೆ ಕೊರಳು ಕೊಡುವುದಿಲ್ಲವೆನ್ನುತ್ತಾರೆ. ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳುತ್ತಾರೆ. ಮಾಂಸ ಮುಟ್ಟುವುದಿಲ್ಲ. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಗಂಡಸರಿಗೂ ಪಾಠ ಹೇಳಬಹುದೆಂಬ ಮಾತು ಬಂದಾಗ ಬಿಷಪ್ಪರು ಅಡ್ಡಬಂದರು. ಆಗ ಈಕೆ ಕೊಟ್ಟ ಉತ್ತರದ ಖಾರವನ್ನು ಓದಿಯೇ ತಿಳಿಯಬೇಕು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಗಳ ವಿಷಯ. ಮನೋರಮೆಯ ಪಾಲನೆ ಬಹುಮಟ್ಟಿಗೆ ಮಠದವರ ಕೈಯಲ್ಲಿತ್ತು. ಸಾಕುವವರೇ ಧರ್ಮವನ್ನೂ ಕಲಿಸುವುದು ಸಹಜವೆಂದು ಸಿಸ್ಟರ್ ಜೆರಾಲ್ಡಿನ್ ಭಾವಿಸಿದ್ದರು. ತಾಯಿ ಅದನ್ನು ಒಪ್ಪಲಿಲ್ಲ. ನನ್ನ ಮಗಳಿಗೆ ಏನನ್ನು ಕಲಿಸಬೇಕು, ಏನನ್ನು ಕಲಿಸಬಾರದು ಎಂಬುದು ನನ್ನ ತೀರ್ಮಾನವೆಂದು ಪಟ್ಟುಹಿಡಿದರು. ಊಟ ಹಾಕಿದ ಕೈಗೆ ಕೃತಜ್ಞತೆ ಸಲ್ಲುತ್ತದೆ, ಆತ್ಮಸಾಕ್ಷಿ ಸಲ್ಲುವುದಿಲ್ಲ ಎಂಬ ಭೇದವನ್ನು ಇಷ್ಟು ದಿಟ್ಟವಾಗಿ ಕಂಡವರು ಆ ಕಾಲದಲ್ಲಿ ವಿರಳ. (ಎರಡು ವರ್ಷದ ಮಗುವಿಗೆ ದೀಕ್ಷೆ ಕೊಡಿಸುವಾಗ ಅದನ್ನು ಕೇಳಿದ್ದವರು ಯಾರು ಎಂದು ತುಂಟ ಓದುಗನೊಬ್ಬ ಪ್ರಶ್ನಿಸಬಹುದು. ಪ್ರಶ್ನೆ ನ್ಯಾಯವಾದದ್ದೇ.)

ಇನ್ನು ಆತ್ಮಕಥನಕ್ಕೆ ಬರೋಣ. ಕಾಗದಗಳ ಜಗಳಗಂಟಿ ಇಲ್ಲಿ ಕಾಣಿಸುವುದಿಲ್ಲ. ದೀಕ್ಷೆ ಪಡೆದಾಗ ತನಗೆ ದೊರೆತದ್ದು ಕ್ರೈಸ್ತಧರ್ಮ ಮಾತ್ರ, ಕ್ರಿಸ್ತ ದೊರೆಯಲಿಲ್ಲ. ಅದಕ್ಕೆ ಇನ್ನೂ ಎಂಟು ವರ್ಷ ಹಿಡಿಯಿತು ಎಂಬುದು ಈ ಪುಸ್ತಕದ ತಿರುಳು. ನಂಬಿದವರಿಗಾಗಿ ಬರೆದದ್ದಾದ್ದರಿಂದ ಅನುಮಾನಗಳೆಲ್ಲ ಇಲ್ಲಿ ದಾರಿಯ ಮುಳ್ಳುಗಳಷ್ಟೇ ಆಗಿವೆ. ಆದರೆ ಬಾಲ್ಯದ ಭಾಗ ಹಾಗಲ್ಲ. ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ನಡೆದ ಸಂಸಾರ, 1870ರ ದಶಕದ ಮದ್ರಾಸು ಸೀಮೆಯ ಕ್ಷಾಮ, ಇದ್ದುದೆಲ್ಲ ಮಾರಿ ಕೊನೆಗೆ ಎಲೆ ತಿಂದ ದಿನಗಳು, ಒಬ್ಬರಾದ ಮೇಲೊಬ್ಬರು ಸತ್ತ ತಂದೆ, ತಾಯಿ, ಅಕ್ಕ. ತಾಯಿಯ ಶವ ಹೊರಲು ಜನವಿಲ್ಲದೆ ರಮಾಬಾಯಿಯೂ ಹೆಗಲು ಕೊಡಬೇಕಾಯಿತು; ಗಿಡ್ಡ ಹುಡುಗಿಯಾದ್ದರಿಂದ ಚಟ್ಟವನ್ನು ತಲೆಯ ಮೇಲೆ ಹೊತ್ತರಂತೆ. ಕ್ಷಾಮದ ಅನುಭವಗಳನ್ನು ಅವರು ಬರೆದದ್ದನ್ನು ಓದಿದ ಮೇಲೆ, ಮುಂದೆ 1896-97ರಲ್ಲಿ ಮಧ್ಯಪ್ರಾಂತದ ಬರಗಾಲದ ಸುದ್ದಿ ಕೇಳಿ ಪುಣೆಯಿಂದ ಏಕೆ ಓಡಿದರೆಂದು ಯಾರೂ ವಿವರಿಸಬೇಕಾಗಿಲ್ಲ.

ಅದಕ್ಕೆ ಮೊದಲು ಶಾರದಾ ಸದನದ ವಿಷಯ ಎರಡು ಮಾತು. 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಮರುವರ್ಷ ಪುಣೆಗೆ ಬಂದ ಈ ವಿಧವಾಶಾಲೆ ಬಾಸ್ಟನ್ನಿನ ರಮಾಬಾಯಿ ಸಂಘದ ಹಣದಿಂದ ನಡೆಯುತ್ತಿತ್ತು. ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕೆಂಬುದು ಒಪ್ಪಂದ. ರಾನಡೆ, ಭಾಂಡಾರಕರರಂಥವರು ಸಲಹಾಮಂಡಲಿಯಲ್ಲಿದ್ದರು. ರಮಾಬಾಯಿ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. ಬರಬೇಡಿರೆಂದು ನಾನೇಕೆ ಹೇಳಲಿ ಎಂಬುದು ಅವರ ವಾದ. ಟಿಳಕರ 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ಸಲಹಾಮಂಡಲಿ ರಾಜೀನಾಮೆಯಿತ್ತಿತು, ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಅವರ ಮನೆಯವರು ಕರೆದೊಯ್ದರು. 'ಕೇಸರಿ'ಯ ಭಾಷೆ ನನಗೆ ಹಿಡಿಸದು. ಆದರೆ ತೆರೆದ ಬಾಗಿಲಿನ ವಾದವೂ ಪೂರ್ತಿ ಒಪ್ಪತಕ್ಕದ್ದಲ್ಲ. ನೆರೆಮನೆಯವರ ತೆರೆದ ಬಾಗಿಲು ಬೇರೆ, ಅನ್ನ ಹಾಕುವ ಯಜಮಾನಿತಿಯ ತೆರೆದ ಬಾಗಿಲು ಬೇರೆ. ಇದು ವಾಂಟೇಜಿನಲ್ಲಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಲ್ಲಿದ್ದವರು ಬಹುಮಟ್ಟಿಗೆ ಬುದ್ಧಿ ಬಲಿತವರು, ಬೆನ್ನಿಗೆ ಮನೆಯವರು ಇದ್ದವರು. ಗೋದೂಬಾಯಿ ಎಂಬ ವಿಧವೆ ಅಲ್ಲಿಯೇ ಓದಿ, ಹಿಂದುವಾಗಿಯೇ ಹೊರಬಂದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಮುಂದೆ 'ಮಾಝೇ ಪುರಾಣ' ಎಂಬ ಆತ್ಮಕಥೆಯನ್ನೂ ಬರೆದರು. ಎಂದರೆ ಶಾರದಾ ಸದನದಲ್ಲಿ ಏನು ನಡೆಯಿತೆಂಬುದಕ್ಕೆ ಅಲ್ಲಿದ್ದವರದೇ ಸಾಕ್ಷ್ಯವುಂಟು.

ಕೇಡಗಾಂವದ್ದು ಬೇರೆ ಕಥೆ. ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೋಗುವ ಹಳಿಯ ಮೇಲೆ, ದೌಂಡಿಗೆ ಮೊದಲು ಸಿಕ್ಕುವ ಸಣ್ಣ ನಿಲ್ದಾಣ ಅದು. ಊರಿಗೆ ಹೋಗುವಾಗ ನಮ್ಮಲ್ಲಿ ಎಷ್ಟೋ ಜನ ನಿದ್ದೆಗಣ್ಣಿನಲ್ಲಿ ಅದನ್ನು ದಾಟಿರುತ್ತೇವೆ. ಮಧ್ಯಪ್ರಾಂತದಿಂದ ಸುಮಾರು 300 ಹುಡುಗಿಯರು ಬಂದರು. ಪ್ಲೇಗಿನ ನಿರ್ಬಂಧದಿಂದಾಗಿ ಪುಣೆಯಲ್ಲಿ ಇರಿಸಿಕೊಳ್ಳುವಂತಿರಲಿಲ್ಲ. ಅವರನ್ನು ಕೇಡಗಾಂವದ ಹೊಲಕ್ಕೆ ಸಾಗಿಸಿದರು. ಅದೇ ಮುಕ್ತಿ ಸದನ. 1899-1900ರ ಗುಜರಾತಿನ ಕ್ಷಾಮದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ. ಅಷ್ಟು ಜನರಿಗೆ ಅನ್ನ, ಬಟ್ಟೆ, ಬಾವಿ, ಶಾಲೆ. ನೇಯ್ಗೆ, ಗಾಣ, ಹೈನು, ಹೊಲಿಗೆ, ಅಚ್ಚುಕೂಟ. ಕುರುಡು ಹುಡುಗಿಯರಿಗೆ ಬ್ರೈಲ್ ಲಿಪಿ. ಸರಕಾರದ ಬಡವರ ಕೊಠಡಿಗಳಲ್ಲಿ ಹುಡುಗಿಯರಿಗೆ ಏನಾಗುತ್ತಿತ್ತೆಂಬುದನ್ನು ರಮಾಬಾಯಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪುಣೆಯ ಪ್ಲೇಗ್ ಆಸ್ಪತ್ರೆಯ ವಿಷಯದಲ್ಲಿ 1897ರಲ್ಲಿ ಸರಕಾರವನ್ನೇ ಪತ್ರಿಕೆಯಲ್ಲಿ ಎದುರುಹಾಕಿಕೊಂಡರು. ಇಂಥ ಕೆಲಸವನ್ನು ಮತಾಂತರದ ಬಲೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಒಂದು ತಿಂಗಳು ನೂರು ಮಕ್ಕಳಿಗೆ ಗಂಜಿ ಕಾಯಿಸಿ ನೋಡಬೇಕು.

ಆದರೆ ಕೇಡಗಾಂವದಲ್ಲಿ ತಟಸ್ಥತೆಯ ಒಪ್ಪಂದವಿರಲಿಲ್ಲ. ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಬಂದ ಹುಡುಗಿಯರಲ್ಲಿ ಅನೇಕರಿಗೆ ವರ್ಷ ಎರಡು ವರ್ಷದೊಳಗೇ ದೀಕ್ಷಾಸ್ನಾನವಾಯಿತು. 1905ರಲ್ಲಿ ಅಲ್ಲಿ ಭಾರಿ ಭಕ್ತಿಯ ಅಲೆಯೆದ್ದಿತು. ಹುಡುಗಿಯರು ಗುಂಪುಗುಂಪಾಗಿ ಅತ್ತು, ನಡುಗಿ ಪ್ರಾರ್ಥಿಸಿದರು. ಅಲ್ಲಿದ್ದ ಅಮೆರಿಕನ್ ಮಿಷನರಿ ಮಿನಿ ಏಬ್ರಮ್ಸ್ ಮರುವರ್ಷ ಅದರ ಬಗ್ಗೆ ಬರೆದ ಪುಸ್ತಕ ದೇಶಾಂತರಗಳಲ್ಲಿ ಓದಿಸಿಕೊಂಡಿತು. ಇಲ್ಲಿಯೇ ನನ್ನ ಆಕ್ಷೇಪ. ಸಂಸ್ಕೃತದ ಪಂಡಿತೆ, ಬಿಷಪ್ಪರೊಡನೆ ವಾದಿಸಬಲ್ಲವರು, ಗ್ರಂಥಗಳನ್ನು ಒರೆಗೆ ಹಚ್ಚಿ ನೋಡಿದವರು — ಅವರಿಗೆ ದೀಕ್ಷೆಯಾದ ಮೇಲೂ ಎಂಟು ವರ್ಷ ಬೇಕಾಯಿತು. ಹತ್ತು ವರ್ಷದ, ಅಕ್ಷರ ತಿಳಿಯದ, ಎಲುಬು ಕಾಣುವ ಹುಡುಗಿಗೆ ಎಷ್ಟು ವರ್ಷ ಕೊಡಲಾಯಿತು? ಆ ಹುಡುಗಿಗೆ ತ್ರಿತ್ವ ಒಪ್ಪದಿದ್ದರೆ ಯಾರಿಗೆ ಕಾಗದ ಬರೆಯಬೇಕಿತ್ತು?

ನಾನು ಗುಮಾಸ್ತ. ಕಡತ ಮುಂದಿಟ್ಟರೆ ಅದರಲ್ಲಿ ಏನಿದೆ ಎನ್ನುವುದಕ್ಕಿಂತ ಯಾವ ಹಾಳೆ ಇಲ್ಲ ಎಂದು ನೋಡುವುದು ಇಪ್ಪತ್ತು ವರ್ಷದ ಅಭ್ಯಾಸ. ಈ ಎರಡು ಪುಸ್ತಕಗಳಲ್ಲಿ ಮಠದವರ ಮಾತಿದೆ, ಬಿಷಪ್ಪರ ಮಾತಿದೆ, ರಮಾಬಾಯಿಯ ಮಾತು ಧಾರಾಳವಾಗಿದೆ. ಅರ್ಜಿದಾರರ ಹಾಳೆ ಮಾತ್ರ ಇಲ್ಲ. ಕೇಡಗಾಂವದ ಹುಡುಗಿಯರು ಪಾರಾದವರೆಂದು, ಪ್ರಾರ್ಥಿಸುವವರೆಂದು, ದೇವರ ಕೃಪೆಗೆ ಸಾಕ್ಷಿಗಳೆಂದು ಬರುತ್ತಾರೆ. ಬೇಡವೆಂದವರಾಗಿ ಒಬ್ಬಳೂ ಬರುವುದಿಲ್ಲ. ಎರಡು ಸಾವಿರ ಜನರಲ್ಲಿ ಒಬ್ಬ ರಮಾಬಾಯಿಯಾದರೂ ಇದ್ದಿರಲೇಬೇಕು, ಪಟ್ಟುಹಿಡಿದು ಪ್ರಶ್ನೆ ಕೇಳಿದವಳು. ಆಕೆಯನ್ನು ಕಾಣಿಸದಿರುವುದು 1907ರ ಪುಸ್ತಕದ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ. ಅದನ್ನು ಬರೆದವರು ಸಾಮಾನ್ಯ ಮಿಷನರಿಯಾಗಿದ್ದರೆ ಈ ಆಕ್ಷೇಪಕ್ಕೆ ಅಷ್ಟು ಬೆಲೆಯಿಲ್ಲ. ಕಾಗದಗಳನ್ನು ಬರೆದ ಕೈಯೇ ಇದನ್ನೂ ಬರೆದದ್ದರಿಂದ ಕೇಳಬೇಕಾಗಿದೆ.

ಎದುರು ಪಕ್ಷದವರನ್ನೂ ಬಿಡುವಂತಿಲ್ಲ. ಪುಣೆಯ ಸನಾತನಿಗಳು ಪತ್ರಿಕೆಗಳಲ್ಲಿ ಗುಡುಗಿದರು. ಬರಗಾಲದ ಅನಾಥೆಯರಿಗೆ ಅವರು ತೆರೆದ ಮನೆಗಳೆಷ್ಟು? ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಸಂಸ್ಥೆ ಹೂಡಿದಾಗ ಅವರಿಗೆ ಸಿಕ್ಕಿದ್ದೂ ಹೆಚ್ಚಾಗಿ ಬೈಗುಳವೇ. ಉತ್ತರದಲ್ಲಿ ಲಾಲಾ ಲಜಪತರಾಯರು ಆರ್ಯಸಮಾಜದ ಪರವಾಗಿ ಕ್ಷಾಮದ ಅನಾಥರಿಗಾಗಿ ದುಡಿದರು. ಅದು ಬಾಯಿಮಾತಿನ ವಿರೋಧವಲ್ಲ, ಅದಕ್ಕೆ ತಲೆಬಾಗುತ್ತೇನೆ. ಆದರೆ ಅಲ್ಲಿಯೂ ಮಗು ಯಾವ ಧರ್ಮದ ಪಾಲು ಎಂಬುದೇ ವಾದವಾಗಿತ್ತು. ಮಗು ಏನೆಂದಿತು ಎಂಬುದನ್ನು ಅಲ್ಲಿಯೂ ಯಾರೂ ಬರೆದಿಟ್ಟುಕೊಂಡಂತಿಲ್ಲ.

ಹಳೆಯ ಮಾತು ಈಗೇಕೆ ಎನ್ನಬಹುದು. ನಮ್ಮ ಸಂವಿಧಾನದ 28ನೆಯ ಅನುಚ್ಛೇದದ ಮೂರನೆಯ ಖಂಡ, ಸರಕಾರದ ಮಾನ್ಯತೆಯೋ ನೆರವೋ ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನವರನ್ನು ಧಾರ್ಮಿಕ ಬೋಧನೆಗೆ ಸೇರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಳ್ಳೆಯ ಮಾತು. ಆದರೆ ಶಾಲೆ ನಡೆಸುವವರೇ ಪೋಷಕರೂ ಆಗಿದ್ದಲ್ಲಿ ಒಪ್ಪಿಗೆ ಕೇಳುವವರು, ಕೊಡುವವರು ಒಬ್ಬರೇ! 2015ರ ಬಾಲನ್ಯಾಯ ಕಾಯಿದೆ ಬಂದ ಮೇಲೆ ಅನಾಥಾಲಯಗಳು ನೋಂದಣಿಯಾಗಬೇಕು, ಸಿಕ್ಕ ಮಗುವನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಂದರೆ ಮೂರನೆಯವರೊಬ್ಬರು ನಡುವೆ ಬಂದಿದ್ದಾರೆ. ಕೇಡಗಾಂವದಲ್ಲಿ ಇಲ್ಲದಿದ್ದದ್ದು ಈ ಮೂರನೆಯವರೇ. ಇದು ಮಿಷನ್ನಿಗೆ ಮಾತ್ರ ಹೇಳಿದ ಮಾತಲ್ಲ. ಯಾವ ಮಠದ ಉಚಿತ ಹಾಸ್ಟೆಲ್ಲಿಗೂ ಅನ್ವಯಿಸುತ್ತದೆ.

ಮಗಳು ಮನೋರಮಾ ತಾಯಿಯ ಕೆಲಸದಲ್ಲಿಯೇ ಸವೆದರು. 1910ರ ದಶಕದ ಆರಂಭದಲ್ಲಿ ಅವರು ಶಾಲೆಯೊಂದನ್ನು ತೆರೆದದ್ದು ನಮ್ಮ ಕಲಬುರ್ಗಿಯಲ್ಲಿ, ಆಗಿನ ನಿಜಾಮರ ಗುಲ್ಬರ್ಗಾದಲ್ಲಿ. ಇದನ್ನೂ ನಮ್ಮ ರಾಜ್ಯೋತ್ಸವದವರು ಮರೆತಿದ್ದಾರೆ. 1921ರಲ್ಲಿ ಮಗಳು, 1922ರ ಏಪ್ರಿಲಿನಲ್ಲಿ ತಾಯಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಗೆ ತಂದರು. ಅದು ಅಚ್ಚಾಗಿ ಬಂದದ್ದು 1924ರಲ್ಲಿ, ಕೇಡಗಾಂವದ ಅಚ್ಚುಕೂಟದಿಂದಲೇ; ಮೊಳೆ ಜೋಡಿಸಿದವರು ಅಲ್ಲಿಯ ಹೆಣ್ಣುಮಕ್ಕಳು.

ಮುಕ್ತಿ ಮಿಷನ್ ಇಂದಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ. ಅಲ್ಲಿ ಬೆಳೆದ ಅಜ್ಜಿ, ಮುತ್ತಜ್ಜಿಯರ ಮಾತುಗಳು ಪುಣೆ, ಸೊಲ್ಲಾಪುರ, ಕಲಬುರ್ಗಿಯ ಎಷ್ಟೋ ಮನೆಗಳಲ್ಲಿ ಇನ್ನೂ ಬಾಯಲ್ಲಿ ಉಳಿದಿರಬಹುದು. ನಮ್ಮ ಓದುಗರಲ್ಲಿ ಯಾರಿಗಾದರೂ ಅಂಥ ಮನೆಯ ಪರಿಚಯವಿದ್ದರೆ, ಒಂದು ಹಳೆಯ ಕಾಗದ, ಒಂದು ನೆನಪು, ಬೈಗುಳವಾದರೂ ಸರಿ, ಬರೆದುಕೊಂಡು ಈ ಪತ್ರಿಕೆಗೆ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ.