ಬೆನ್ನ ಹಿಂದಿನ ಕಿಟಕಿ

ಅಂಗಡಿಯಲ್ಲಿ ಗ್ಲಾಸಿ ಪರದೆ ಸೋತದ್ದನ್ನು ನಾನು ನೋಡಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಯಾವುದೋ ಕಡಲತೀರದ ವಿಡಿಯೊ ಓಡಿಸುತ್ತಾರೆ. ಗ್ಲಾಸಿಯಲ್ಲಿ ನೀಲಿ ತೊಟ್ಟಿಕ್ಕುತ್ತದೆ. ಮ್ಯಾಟ್ ಪರದೆ ಮುಖ ಸಪ್ಪಗೆ ಮಾಡಿಕೊಂಡು ಕೂತಿರುತ್ತದೆ. ಗಿರಾಕಿ ಅಲ್ಲೇ ತೀರ್ಮಾನಿಸಿಬಿಡುತ್ತಾನೆ, ತನ್ನ ಮನೆಯ ಕಿಟಕಿ ಯಾವ ಕಡೆಗಿದೆ ಎಂದು ಯೋಚಿಸುವುದೇ ಇಲ್ಲ.

ಬರೀ ಗಾಜು ತನ್ನ ಮೇಲೆ ನೇರ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ವಾಪಸ್ ಕಳಿಸುತ್ತದೆ. ಇಷ್ಟೇ ತಾನೇ ಅನ್ನಬೇಡಿ. ಬೆನ್ನ ಹಿಂದಿನ ಕಿಟಕಿಯಲ್ಲಿ ಮೋಡ ಕವಿದ ಆಕಾಶ ಕಾಣುತ್ತಿದೆ, ಅದರ ಪ್ರಕಾಶ 2,000 ನಿಟ್ ಅಂದುಕೊಳ್ಳಿ. ಪರದೆಯಲ್ಲಿ ಅದರ ಪ್ರತಿಬಿಂಬ 80 ನಿಟ್. 250 ನಿಟ್‌ನ ಸಾಧಾರಣ ಪರದೆಯ ಕಪ್ಪು ಕಾಲು ನಿಟ್ಟೂ ದಾಟಬಾರದು. ಕಿಟಕಿ ಬಿದ್ದ ಜಾಗದಲ್ಲಿ ಅದೂ 80 ಆಗುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ 1000:1 ಕಾಂಟ್ರಾಸ್ಟ್ ಅಲ್ಲಿ 4:1ಕ್ಕೆ ಇಳಿಯಿತು.

ಮ್ಯಾಟ್ ಈ ಬೆಳಕನ್ನು ನುಂಗುವುದಿಲ್ಲ. ಮೇಲ್ಮೈಯ ಸಣ್ಣ ಉಬ್ಬುತಗ್ಗುಗಳು ಅದನ್ನು ಚದುರಿಸುತ್ತವೆ, ಕಿಟಕಿಯ ಚೌಕಟ್ಟು ಕರಗಿ ತೆಳು ಮಸುಕಾಗುತ್ತದೆ. ನಾಲ್ಕೂ ಕಡೆ ಬೆಳಕಿರುವ ಕೋಣೆಯಲ್ಲಿ ಈ ಮಸುಕು ಇಡೀ ಪರದೆಗೆ ಹಬ್ಬಿ ಕಪ್ಪೆಲ್ಲ ಬೂದು ಬಣ್ಣಕ್ಕೆ ತಿರುಗುವುದೂ ನಿಜ. ಆದರೂ ಕಣ್ಣು ಎದುರಿನ ಅಕ್ಷರ ಬಿಟ್ಟು ಹಿಂದಿನ ಮರದ ಮೇಲೆ ನೆಡುವ ಕಾಟವಿಲ್ಲ. ದಿನವಿಡೀ ಬರೆಯುವ ನನಗೆ ಇದೇ ದೊಡ್ಡದು.

2008ರ ಅಕ್ಟೋಬರ್‌ನಲ್ಲಿ ಆ್ಯಪಲ್ ತನ್ನ 15 ಇಂಚಿನ ಮ್ಯಾಕ್‌ಬುಕ್ ಪ್ರೊಗೆ ಗ್ಲಾಸಿ ಗಾಜನ್ನಷ್ಟೇ ಕೊಟ್ಟಾಗ ಛಾಯಾಗ್ರಾಹಕರು ಗೊಣಗಿದ್ದರು. ಮರುವರ್ಷ 17 ಇಂಚಿನದರಲ್ಲಿ ಮ್ಯಾಟ್ ಬೇಕೆಂದರೆ 50 ಡಾಲರ್ ಹೆಚ್ಚಿಗೆ. ಆಮೇಲೆ ಆ ಆಯ್ಕೆಯೂ ಹೋಯಿತು. 2024ರಲ್ಲಿ ನ್ಯಾನೊ ಟೆಕ್ಸ್‌ಚರ್ ಎಂಬ ಹೊಸ ಹೆಸರು ಹೊತ್ತು ಮರಳಿದಾಗ 150 ಡಾಲರ್. ಹೊಳಪು ತೆಗೆಸಿಕೊಳ್ಳುವುದಕ್ಕೂ ದುಡ್ಡು!

ಇತ್ತ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಮ್ಯಾಟ್ ಪುಕ್ಕಟೆ. ಅದಕ್ಕೇ ಅದಕ್ಕೆ ಕೆಟ್ಟ ಹೆಸರು. ಮ್ಯಾಟ್‌ನಲ್ಲಿ ಬಣ್ಣವೇ ಇಲ್ಲ ಎನ್ನುವವರು ನೋಡಿರುವುದು ಹೆಚ್ಚಾಗಿ 250 ನಿಟ್‌ನ, ಬಣ್ಣದ ವ್ಯಾಪ್ತಿ ಶೇ 45 ಎನ್‌ಟಿಎಸ್‌ಸಿಯಷ್ಟೇ ಇರುವ ಪ್ಯಾನೆಲ್. ಅದಕ್ಕೆ ಗಾಜು ಹಾಕಿದರೂ ಕೆಂಪು ಇಟ್ಟಿಗೆ ಬಣ್ಣದಲ್ಲೇ ಇರುತ್ತದೆ. 400 ನಿಟ್, ಪೂರ್ತಿ ಎಸ್‌ಆರ್‌ಜಿಬಿ ಬಣ್ಣವ್ಯಾಪ್ತಿ ಇರುವ ಮ್ಯಾಟ್ ಪರದೆಯನ್ನು ಒಮ್ಮೆ ನೋಡಿ, ಆಮೇಲೆ ಮಾತಾಡೋಣ.

ಮ್ಯಾಟ್‌ನ ನಿಜವಾದ ದೋಷ ಬೇರೆ. ಒರಟು ಲೇಪನವಾದರೆ ಬಿಳಿ ಹಿನ್ನೆಲೆಯ ಮೇಲೆ ಚಿರೋಟಿ ರವೆ ಚೆಲ್ಲಿದ ಹಾಗೆ ಮಿನುಗು ಕಾಣುತ್ತದೆ. ಸಣ್ಣ ಅಕ್ಷರದಲ್ಲಿ ಕನ್ನಡ ಓದುವವರಿಗೆ ಇದು ಬೇಗ ತಿಳಿಯುತ್ತದೆ. ಒತ್ತಕ್ಷರದ ಸುಳಿಗಳೇ ಮೊದಲು ಕಲಸಿಹೋಗುವುದು. ಗ್ಲಾಸಿ ಪರದೆಗೆ ಮ್ಯಾಟ್ ಹಾಳೆ ಅಂಟಿಸುವುದು ಇನ್ನೂ ಕೆಟ್ಟ ಉಪಾಯ: ಚದುರಿಸುವ ಪದರ ಪಿಕ್ಸೆಲ್‌ಗಳಿಂದ ದೂರವಾದಷ್ಟೂ ಅಕ್ಷರ ಮಬ್ಬು.

ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಗ್ಲಾಸಿ ಒಎಲ್‌ಇಡಿಗೆ ಸಾಟಿಯಿಲ್ಲ, ವಾದವೇ ಬೇಡ. ಪ್ರತಿಫಲನ ತಗ್ಗಿಸುವ ಲೇಪನವಿದ್ದರೆ ಇನ್ನೂ ಒಳ್ಳೆಯದು. ಆರಿದ ಪರದೆಯಲ್ಲಿ ಟ್ಯೂಬ್‌ಲೈಟ್ ಬೆಳ್ಳಗಲ್ಲದೆ ನೇರಳೆಯಾಗಿಯೋ ಹಸಿರಾಗಿಯೋ ಕಂಡರೆ ಲೇಪನ ಇದೆ ಎಂದರ್ಥ. ಹಾಗಾಗಿ ಅಂಗಡಿಯವನಿಗೆ ವಿಡಿಯೊ ನಿಲ್ಲಿಸಿ ಪರದೆ ಆರಿಸಲು ಹೇಳಿ, ಬಾಗಿಲಿಗೆ ಬೆನ್ನು ಹಾಕಿ ಕೂತು ನೋಡಿ. ರಸ್ತೆಯ ಬೈಕುಗಳ ನಂಬರ್ ಅದರಲ್ಲಿ ಓದಲು ಬಂದರೆ ಹಗಲಿನ ಕೆಲಸಕ್ಕೆ ಅದು ಬೇಡ.

ಒಂದು ವಿನಾಯಿತಿ ಕೊಡುತ್ತೇನೆ. ಮ್ಯಾಟ್‌ನ ಮೇಲೆ ಜಿಡ್ಡು ಕೂತರೆ ಅಷ್ಟು ಜಾಗ ಮಾತ್ರ ಹೊಳೆಯುತ್ತದೆ, ಒರೆಸಿದರೆ ಹರಡುತ್ತದೆ. ಬೋಂಡಾ ತಿಂದ ಬೆರಳಲ್ಲೇ ‘ಇಲ್ನೋಡಿ’ ಎಂದು ಪರದೆ ಮುಟ್ಟಿ ತೋರಿಸುವವರು ಮನೆಯಲ್ಲಿದ್ದರೆ ಗ್ಲಾಸಿಯನ್ನೇ ತೆಗೆದುಕೊಳ್ಳಿ, ಕಿಟಕಿಗೆ ಪರದೆ ಹಾಕಿಸಿ.